ಸಹಾಯ ಬೇಕು: ಇಪಿ ಸ್ಟಡಿ (ಹೃದಯದ ವಿದ್ಯುತ್ ಪರೀಕ್ಷೆ) ಮಾಡಿಸಿದವರು ಯಾರಾದರೂ ಇದ್ದೀರಾ?

ಅಣ್ಣಾರೆ, ಅಕ್ಕಾರೆ, ನಾವು ಯಾದಗಿರಿ ಕಡೆಯವರು. ಅಪ್ಪನಿಗೆ 64 ವರ್ಷ. ಹೋದ ವಾರ ತೊಗರಿ ಚೀಲ ಎತ್ತುವಾಗ ಕಣ್ಣಿಗೆ ಕತ್ತಲೆ ಬಂದು ಅಲ್ಲೇ ಕೂತುಬಿಟ್ಟರು. ನಾಡಿ ನಿಮಿಷಕ್ಕೆ 42. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಇಸಿಜಿ ನಾರ್ಮಲ್! 24 ಗಂಟೆ ಹೋಲ್ಟರ್ (ಮೈಮೇಲೇ ಇದ್ದು ಇಸಿಜಿ ದಾಖಲಿಸುವ ಸಣ್ಣ ಯಂತ್ರ) ಕಟ್ಟಿದರು, ಅವತ್ತೇ ತಲೆ ತಿರುಗಲಿಲ್ಲ ನೋಡಿ. ಸೆಕೆಗೆ ಎದೆ ಮೇಲಿನ ಪಟ್ಟಿ ಕಿತ್ತು ಬಂದಿದ್ದೇ ಬಂತು.

ಈಗ ಇಪಿ ಸ್ಟಡಿ ಅಂತಿದ್ದಾರೆ. ತೊಡೆಸಂದಿಯ ರಕ್ತನಾಳದಿಂದ ತಂತಿ ಬಿಟ್ಟು, ಹೃದಯವನ್ನು ಸ್ವಲ್ಪ ಹೊತ್ತು ಜೋರಾಗಿ ಬಡಿಸಿ ತಟ್ಟನೆ ಬಿಡುತ್ತಾರಂತೆ. ಸೈನಸ್ ನೋಡ್ (ಹೃದಯದ ಬಡಿತ ಶುರು ಮಾಡುವ ಜಾಗ) ತಾನಾಗಿ ಮತ್ತೆ ಶುರುವಾಗಲು ಸುಮಾರು 1.5 ಸೆಕೆಂಡಿಗಿಂತ ಜಾಸ್ತಿ ತಗೊಂಡರೆ ಅದು ಸುಸ್ತಾಗಿದೆ ಅಂತ ಲೆಕ್ಕ.

"ಮತ್ತ ಶುರು ಆಗದಿದ್ರ?" ಅಂತ ಅಪ್ಪ ಹಟ ಹಿಡಿದಿದ್ದಾರೆ.

ಇದು ಕಲಬುರಗಿಯಲ್ಲೇ ಆಗುತ್ತಾ, ಹೈದರಾಬಾದಿಗೆ ಹೋಗಬೇಕಾ? ಎಷ್ಟು ದಿನ ಇರಬೇಕು? ಮಾಡಿಸಿಕೊಂಡವರು ಅಪ್ಪನ ಜೊತೆ ಫೋನಲ್ಲಿ ಎರಡು ಮಾತಾಡಿದರೆ ಇನ್ನೂ ಒಳ್ಳೆಯದು.