ಸರ್ವ್ ನೆಟ್ಟಿಗೆ ಬಡಿದದ್ದು ಯಾವ ವಿಭಾಗದ ತಪ್ಪು?

ಭಟ್ಟರ ಮಗಳು ಕ್ರೀಡಾ ವಿಜ್ಞಾನ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಅದು ಡ್ರಿಲ್ ಮಾಸ್ತರರ ಓದೋ, ಡಾಕ್ಟರರ ಓದೋ ಭಟ್ಟರಿಗೆ ಗೊತ್ತಾಗುತ್ತಿಲ್ಲ. ಶಿರಸಿ ಪೇಟೆಯ ಹೋಟೆಲಿನಲ್ಲಿ ಕಷಾಯ ಬರುವ ಮೊದಲೇ ಸಿಲೆಬಸ್ ಬಿಚ್ಚಿದರು.

"ಫಿಸಿಯಾಲಜಿ, ಬಯೋಮೆಕ್ಯಾನಿಕ್ಸ್, ಸೈಕಾಲಜಿ, ಸೋಶಿಯಾಲಜಿ. ಆಟ ಎಲ್ಲಿದೆ ಮಾರಾಯ್ರೆ ಇದರಲ್ಲಿ? ಇದೇನು ಒಂದು ವಿಷಯವೋ, ನಾಲ್ಕೋ?"

ರಿಟೈರಾದ ಪಿ.ಟಿ. ಮಾಸ್ತರರು ಇಂಥ ಪ್ರಶ್ನೆಗೇ ಕಾಯುತ್ತಿರುತ್ತಾರೆ. "1964ರಲ್ಲಿ ಅಮೆರಿಕದ ಫ್ರಾಂಕ್ಲಿನ್ ಹೆನ್ರಿ ಇದನ್ನೇ ಬರೆದ. ಶರೀರಶಾಸ್ತ್ರ ಒಂದು ಕಡೆ, ಮನಶ್ಶಾಸ್ತ್ರ ಇನ್ನೊಂದು ಕಡೆ ಕಲಿತು ಬಂದರೆ ಸಾಲದು. ಎಲ್ಲದರೊಳಗೂ ಅಡ್ಡ ಹಾಯುವ ಸ್ವಂತ ಶಾಸ್ತ್ರವೇ ಬೇಕು ಅಂದ."

"ಅಂದ್ರೆ ನಾಲ್ಕು ಜನರ ತೋಟ ದಾಟಿ ಹೋಗೋ ಹಾದಿ. ಬೇಲಿ ತಕರಾರು ಗ್ಯಾರಂಟಿ."

"ಮೊನ್ನೆ ವಾಲಿಬಾಲ್ ಫೈನಲಲ್ಲಿ ನಿಮ್ಮ ಸೋದರಳಿಯ ಕೊನೇ ಸರ್ವ್ ನೆಟ್ಟಿಗೆ ಬಡಿದನಲ್ಲ, ಯಾಕೆ ಹೇಳಿ?"

"ದೃಷ್ಟಿ ತಾಗಿದ್ದು."

"ಆ ವಿಭಾಗ ಇನ್ನೂ ತೆರೆದಿಲ್ಲ ಭಟ್ರೇ. ಅವನು ದಣಿದಿದ್ದ. ಸ್ನಾಯುವಿನಲ್ಲಿ ಹುಟ್ಟುವ ಶಾಖ ಅಳೆದು ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಎ.ವಿ. ಹಿಲ್ 1922ರ ನೊಬೆಲ್ ಪಡೆದ. ಓಡುವವರ ಬೆನ್ನಿಗೆ ಚೀಲ ಕಟ್ಟಿ, ಬಿಟ್ಟ ಉಸಿರನ್ನೂ ಹಿಡಿದು ಅಳೆದ. ಇದು ಫಿಸಿಯಾಲಜಿ. ಕೈ ಚೆಂಡಿನ ಎಲ್ಲಿಗೆ ತಾಗಿತು ಅಂತ ಕೇಳಿದರೆ ಬಯೋಮೆಕ್ಯಾನಿಕ್ಸ್. 1968ರ ಮೆಕ್ಸಿಕೊ ಒಲಿಂಪಿಕ್ಸಲ್ಲಿ ಎತ್ತರ ಜಿಗಿತದಲ್ಲಿ ಫಾಸ್‌ಬರಿ ಬೆನ್ನಡಿಯಾಗಿ ಹಾರಿ ಗೆದ್ದನಲ್ಲ, ಆ ಬಗೆಯಲ್ಲಿ ಮೈ ಕೋಲಿನ ಮೇಲೆ ಹೋದರೂ ಮೈಯ ಗುರುತ್ವಕೇಂದ್ರ ಕೋಲಿನ ಕೆಳಗೇ ದಾಟಿ ಹೋಗಬಹುದು."

ಭಟ್ಟರು ತಮ್ಮ ಹೊಟ್ಟೆ ನೋಡಿಕೊಂಡರು. ಅವರ ಗುರುತ್ವಕೇಂದ್ರ ಎಲ್ಲಿದೆ ಎಂದು ನಾವು ಯಾರೂ ಕೇಳಲಿಲ್ಲ.

"ಜನ ನೋಡ್ತಿದ್ರು, ಹೆದರಿದ. ಅಷ್ಟೇ," ಎಂದರು ಅಂಕೋಲೆಯ ನಾಯ್ಕರು.

"ಜನ ಇದ್ದರೆ ಜೋರು ಹೆಚ್ಚಬೇಕಪ್ಪಾ! 1898ರಲ್ಲಿ ಟ್ರಿಪ್ಲೆಟ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ನೋಡಿದ. ಸೈಕಲ್‌ನವರು ಒಬ್ಬರೇ ಹೋಗುವುದಕ್ಕಿಂತ ಜೊತೆಯಲ್ಲಿ ಬೇಗ ಹೋಗುತ್ತಾರೆ. ಆಮೇಲೆ ಮಕ್ಕಳ ಕೈಗೆ ಗಾಳದ ದಾರ ಸುತ್ತುವ ರೀಲ್ ಕೊಟ್ಟು ಪರೀಕ್ಷೆ ಮಾಡಿದ."

ಗಾಳ ಎಂದದ್ದೇ ತಡ, ನಾಯ್ಕರು ಎದ್ದು ನಿಂತರು. "ಗಾಳ ಬಿಡಿ ಮಾಸ್ತರ್ರೇ, ದಡದಲ್ಲಿ ಹತ್ತಾರು ಜನ ಸೇರಿ ರಂಪಣಿ ಬಲೆ ಎಳೆಯೋದು ನೋಡಿದ್ದೀರಾ? ಮುಂದಿನವ ಜೀವ ಬಿಟ್ಟು ಎಳೀತಾನೆ. ಹಿಂದಿನವ ಹಗ್ಗ ಹಿಡ್ಕೊಂಡು ಮುಖ ಮಾತ್ರ ಕಿವುಚ್ತಾನೆ, ಹೀಗೆ!" ಹೆಗಲ ಟವೆಲ್ಲನ್ನು ಮೇಜಿನ ಕಾಲಿಗೆ ಸುತ್ತಿ, ಹಲ್ಲು ಕಚ್ಚಿ, ಕತ್ತಿನ ನರ ಉಬ್ಬಿಸಿದರು. ಟವೆಲ್ ಮಾತ್ರ ಸಡಿಲವಾಗೇ ಜೋತಾಡುತ್ತಿತ್ತು. ಆ ನಟನೆಗೆ ಒಂದು ಕಪ್ ಕೊಡಬೇಕಿತ್ತು.

ಮಾಸ್ತರರು ಸೋಲು ಒಪ್ಪುವ ಜನ ಅಲ್ಲ, ಆದರೂ ಮೋಸ ಮಾಡಲಿಲ್ಲ. "ಅದೂ ಪುಸ್ತಕದಲ್ಲಿದೆ. ರಿಂಗಲ್ಮನ್ ಅಂತ ಫ್ರಾನ್ಸಿನ ಕೃಷಿ ಎಂಜಿನಿಯರ್, ಹಗ್ಗ ಎಳೆಸಿ ಅಳೆದಿದ್ದ. 8 ಜನ ಸೇರಿದಾಗ ಒಬ್ಬೊಬ್ಬನ ಜೋರು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು."

"ನಮ್ಮ ಹಿಂದಿನವನಿಗೆ ಅಷ್ಟೂ ಇರಲ್ಲ," ಎಂದು ನಾಯ್ಕರು ಕೂತರು.

ನಾನೂ ಸುಮ್ನಿರಲಿಲ್ಲ. ಸೋಶಿಯಾಲಜಿಯನ್ನು ಎಲ್ಲರೂ ಹಾರಿಸಿ ಓದುತ್ತಾರೆ, ಅದೇ ನನ್ನ ಸಿಟ್ಟು. ಯಲ್ಲಾಪುರ, ಹಳಿಯಾಳದ ಸಿದ್ದಿ ಮಕ್ಕಳನ್ನು 1980ರ ದಶಕದ ಕೊನೆಗೆ ಆರಿಸಿ ಓಟದ ತರಬೇತಿ ಕೊಟ್ಟರು. ಆಫ್ರಿಕಾ ಮೂಲದವರು, ರಕ್ತದಲ್ಲೇ ಓಟ ಇದೆ ಎಂಬ ಲೆಕ್ಕ. ಕೆಲವು ವರ್ಷದಲ್ಲೇ ಯೋಜನೆ ನಿಂತಿತು. ರಕ್ತ ಅಲ್ಲೇ ಇತ್ತು, ನಿಂತದ್ದು ಯೋಜನೆ ಮಾತ್ರ. "ನಿಮ್ಮ ಸೋದರಳಿಯನೂ ಇಡೀ ದಿನ ಅಡಿಕೆ ಮೂಟೆ ಹೊತ್ತು ಸಂಜೆ ಆಡಲು ಬಂದಿದ್ದ. ಅದನ್ನು ಯಾವ ಲ್ಯಾಬು ಅಳೆಯುತ್ತದೆ?" ಎಂದೆ.

ಅಷ್ಟರಲ್ಲಿ ಆ ಹುಡುಗನೇ ಒಳಗೆ ಬಂದ. ನಾಲ್ಕೂ ಜನ ಒಟ್ಟಿಗೆ ಕಾರಣ ಕೇಳಿದೆವು.

"ಮಾವಾ, ಸೀಟಿ ಊದಿದ ಮೇಲೆ ಸರ್ವ್ ಮಾಡೋದಕ್ಕೆ ಇರೋದೇ 8 ಸೆಕೆಂಡು. ಲೈನ್ ಹತ್ರ ನಿಂತು ನೀವು ನಾಲ್ಕು ಜನ ನಾಲ್ಕು ನಮೂನೆ ಹೇಳ್ಕೊಟ್ರಲ್ಲ, ಅದು ಮುಗಿಯೋದಕ್ಕೇ 7 ಹೋಯ್ತು."

"ನೋಡಿದ್ರಾ, ರೂಲ್ ಸಡಿಲ ಮಾಡಿ ಕೆಡಿಸಿದರು," ಎಂದರು ಮಾಸ್ತರರು. "ಮೊದಲು 5 ಸೆಕೆಂಡೇ ಇತ್ತು. ಇಷ್ಟೆಲ್ಲ ಹೇಳಿಕೊಡಲು ನಮಗೆಲ್ಲಿ ಪುರಸೊತ್ತಿತ್ತು?"