ಪದ ಬೇಕು: ನಟ ಕ್ಯಾಮೆರಾ ನೋಡಿ ನಮ್ಮೊಡನೆ ಆಡುವ ಮಾತಿಗೆ

ನಮಸ್ಕಾರ. ನಮ್ಮೂರ ವಾಚನಾಲಯದಲ್ಲಿ ಭಾನುವಾರ ಬಿಬಿಸಿಯ ಟಿವಿ ಧಾರಾವಾಹಿ ‘ಹೌಸ್ ಆಫ್ ಕಾರ್ಡ್ಸ್’ (1990) ತೋರಿಸುತ್ತಿದ್ದೇವೆ. ನಾಲ್ಕೇ ಕಂತು. ಕರಪತ್ರ ಮಲಯಾಳದಲ್ಲಿ ಆಗಿದೆ, ಕನ್ನಡದ್ದು ನನ್ನ ತಲೆಗೆ ಬಂತು. ನಾಳೆ ಸಂಜೆ ಪ್ರೆಸ್ಸಿಗೆ ಕೊಡಬೇಕು.

ನಟ ಇಯಾನ್ ರಿಚರ್ಡ್‌ಸನ್ ಇದರಲ್ಲಿ ಆಡಳಿತ ಪಕ್ಷದ ಚೀಫ್ ವಿಪ್, ಅಂದರೆ ಪಕ್ಷದ ಸದಸ್ಯರನ್ನು ಶಿಸ್ತಿನಲ್ಲಿ ಇಡುವವನು. ಎದುರಿಗಿದ್ದವನಿಗೆ ನಯವಾಗಿ ಏನೋ ಹೇಳಿ, ತಟ್ಟನೆ ನಮ್ಮ ಕಡೆ ತಿರುಗಿ ನಿಜ ಹೇಳುತ್ತಾನೆ. ದನಿ ಏರುವುದೇ ಇಲ್ಲ. ಎರಡನೇ ಕಂತು ಮುಗಿಯುವಾಗ ಅವನ ಕಳ್ಳತನದಲ್ಲಿ ನಮಗೂ ಪಾಲಿದೆ ಅನಿಸುತ್ತದೆ. ಮಲಯಾಳದವರು ‘ಆತ್ಮಗತಂ’ ಅಂತ ಬರೆದು ಮುಗಿಸಿದ್ದಾರೆ. ನನಗೆ ಸಮಾಧಾನ ಇಲ್ಲ.
— ಬದಿಯಡ್ಕ

ಮರು:
ಸ್ವಗತ. ಇದಕ್ಕೂ ಚರ್ಚೆ ಬೇಕಾ?
— ಮಂಗಳೂರು

ಮರು:
ಬೇಕು. ಸ್ವಗತದಲ್ಲಿ ‘ನೀವು’ ಎಲ್ಲಿದೆ? ತನಗೆ ತಾನೇ ಹೇಳಿಕೊಳ್ಳುವುದು ಅದು. ಜನಾಂತಿಕವೂ ಆಗದು. ಮೂರು ಬೆರಳು ಅಡ್ಡ ಹಿಡಿದು ರಂಗದ ಮೇಲಿನ ಒಬ್ಬನಿಗೆ ಮಾತ್ರ ಹೇಳುವುದು ಜನಾಂತಿಕ.

ಸಂಸ್ಕೃತದ ಬಾಗಿಲು ಯಾಕೆ ತಟ್ಟಬೇಕು? ‘ಓರೆಮಾತು’ ಅನ್ನಿ. ಓರ ಅಂದರೆ ಅಂಚು, ತಮಿಳು ಮಲಯಾಳಗಳಲ್ಲೂ ‘ಓರಂ’ ಇದೆ. ಅಂಚಿಗೆ ಸರಿದು ಆಡುವ ಮಾತು.
— ಮಂಜೇಶ್ವರ

ಮರು:
ಓರೆ ಬೇರೆ, ಓರ ಬೇರೆ. ಓರೆಮಾತು ಅಂದರೆ ನಮ್ಮಲ್ಲಿ ಕೊಂಕು.

ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಲ್ಲಿ ಕೂತು ಈ ಪದಕ್ಕೆ ಪರದಾಡುವುದಾ? ವೇಷ, ಕುಣಿತ ಇಲ್ಲದೆ ಕೂತು ಮಾತಾಡುವ ತಾಳಮದ್ದಳೆಯ ‘ಪೀಠಿಕೆ’ ಇದೆಯಲ್ಲ. ಕೌರವ ಬಂದು ಕೂತು ತನ್ನ ಮನಸ್ಸನ್ನು ಸಭೆಯ ಮುಂದೆ ಬಿಚ್ಚುತ್ತಾನೆ.
— ಕುಂಬಳೆ

ಮರು:
ಪೀಠಿಕೆ ಒಂದೇ ಸಲ, ಪ್ರವೇಶದಲ್ಲಿ. ಈ ಮನುಷ್ಯ ಮಾತಿನ ನಡುವೆ ಹತ್ತು ಸಲ ತಿರುಗುತ್ತಾನೆ. ಕೆಲವೊಮ್ಮೆ ಮಾತೇ ಇಲ್ಲ, ಬರೀ ಒಂದು ನೋಟ. ನಟನೆಯ ಸೊಗಸು ಇರುವುದೇ ಅಲ್ಲಿ. ಮಂಜೇಶ್ವರದವರೇ, ಓರೆ ಎಲ್ಲಿ ಬಂತು? ಅವನು ನೆಟ್ಟಗೆ ನನ್ನ ಕಣ್ಣನ್ನೇ ನೋಡುತ್ತಾನೆ.

ಅಂದ ಹಾಗೆ, ಚೀಫ್ ವಿಪ್ ಹಾಗೇ ಇಡಲಾ?
— ಬದಿಯಡ್ಕ

ಮರು:
ಮುಖ್ಯ ಸಚೇತಕ. ವಿಧಾನಸಭೆಯ ಪದ.
— ಮಂಗಳೂರು

ಮರು:
ನಿಮ್ಮ ವಿಧಾನಸಭೆಯ ಪದ. ಕಾಸರಗೋಡಿನ ನಾವು 1956ರಿಂದ ಕೇರಳದಲ್ಲಿದ್ದೇವೆ, ಇಲ್ಲಿ ಎಲ್ಲರೂ ವಿಪ್ ಅಂತಲೇ ಹೇಳುವುದು. ಸಚೇತಕ ಹಿಂದಿಯವರದು. ದೆಹಲಿಯಿಂದ ಬಂದರೆ ಶುದ್ಧ, ಲಂಡನ್ನಿನಿಂದ ಬಂದರೆ ಮೈಲಿಗೆಯಾ?
— ಕುಂಬಳೆ

ಮರು:
ಎರಡೂ ಬೇಡ. ಬೇಟೆಯಲ್ಲಿ ಹಿಂಡು ಬಿಟ್ಟ ನಾಯಿಗಳನ್ನು ಒಳಗೆ ಅಟ್ಟುವವನಿಂದ ಬಂದ ಪದ ಅದು. ‘ಹಿಂಡುಗಾರ’ ಸಾಕು.
— ಮಂಜೇಶ್ವರ

ಮರು:
ಶಾಸಕರಿಗೆ ಹೇಳಿ ನೋಡಿ.
— ಮಂಗಳೂರು

ಮರು:
ಕೊಟ್ಟು ಬಂದೆ. “ನಡುನಡುವೆ ನಮ್ಮತ್ತ ತಿರುಗುವ ಚೀಫ್ ವಿಪ್” ಅಂತ ಬರೆದೆ. ಹೆಸರುಪದ ಸಿಗಲಿಲ್ಲ, ಕ್ರಿಯಾಪದದಲ್ಲಿ ಕೆಲಸ ಆಯಿತು. ಭಾನುವಾರ ಬನ್ನಿ.
— ಬದಿಯಡ್ಕ

ಮರು:
ಬರುತ್ತೇನೆ. ಆದರೆ ಓರೆ ಮತ್ತು ಓರ ಒಂದೇ.
— ಮಂಜೇಶ್ವರ