ಔಟ್‌ಪುಟ್ ಟ್ಯೂಬ್ ಬದಲಾಯಿಸಿದ ಮೇಲೆ ಬಯಾಸ್ ಹೊಂದಿಸಿದವರು ಇದ್ದೀರಾ?

ನನ್ನ ಹತ್ತಿರ 1960ರ ದಶಕದ ಒಂದು ಸ್ಟೀರಿಯೊ ಟ್ಯೂಬ್ ಆಂಪ್ಲಿಫೈಯರ್ ಇದೆ. ಚಾನೆಲ್‌ಗೆ ಎರಡರಂತೆ ನಾಲ್ಕು ಇಎಲ್34 ಔಟ್‌ಪುಟ್ ಟ್ಯೂಬ್. ಹಳೆಯವು ಸೋತಿದ್ದವು, ನಾಲ್ಕನ್ನೂ ಹೊಸದು ಹಾಕಿದೆ. ಹಾಡು ಚೆನ್ನಾಗಿಯೇ ಬರುತ್ತಿದೆ. ಆದರೆ ಹತ್ತು ನಿಮಿಷಕ್ಕೆ ಬಲ ಚಾನೆಲ್‌ನ ಒಂದು ಟ್ಯೂಬಿನ ಪ್ಲೇಟ್ (ಒಳಗಿನ ಲೋಹದ ತಗಡು) ಕೆಂಪಗಾಗುತ್ತದೆ. ಸದ್ಯ ಆಫ್ ಮಾಡಿಟ್ಟಿದ್ದೇನೆ. ಚಾನೆಲ್‌ಗೊಂದು ಬಯಾಸ್ ಪಾಟ್ ಇದೆ, ಅಂದರೆ ಟ್ಯೂಬ್ ಎಳೆಯುವ ಕರೆಂಟನ್ನು ಹಿಡಿತದಲ್ಲಿಡುವ ಮೈನಸ್ ವೋಲ್ಟೇಜ್ ಹೊಂದಿಸುವ ತಿರುಗುಗುಂಡಿ. ಅದನ್ನು ಎಷ್ಟಕ್ಕೆ ಇಡಬೇಕು?

ಉತ್ತರ 1

ಆಫ್ ಮಾಡಿದ್ದು ಒಳ್ಳೆಯದಾಯ್ತು. ಪಾಟ್ ಈಗಲೇ ಮುಟ್ಟಬೇಡಿ. ಒಂದೇ ಪಾಟ್ ಎರಡು ಟ್ಯೂಬಿಗೂ ಬಯಾಸ್ ಕೊಡುತ್ತದೆ, ಆದರೆ ಕೆಂಪಗಾಗುವುದು ಒಂದೇ. ಹಾಗಾದರೆ ತಪ್ಪು ಪಾಟ್‌ನದ್ದಲ್ಲ, ಅಲ್ವಾ?

ನನಗೂ ಹೀಗೇ ಆಗಿತ್ತು. ಸುಮ್ನೆ ಹೊಸ ಟ್ಯೂಬನ್ನು ಬೈದುಕೊಂಡೆ. ಆಮೇಲೆ ಪಕ್ಕದ್ದರ ಜೊತೆ ಸಾಕೆಟ್ ಅದಲುಬದಲು ಮಾಡಿ ನೋಡಿದೆ. ಕೆಂಪು ಟ್ಯೂಬಿನ ಹಿಂದೆ ಹೋಗಲಿಲ್ಲ, ಸಾಕೆಟ್ಟಿನಲ್ಲೇ ಉಳಿಯಿತು! ನಾಲ್ಕೂ ಟ್ಯೂಬ್ ತೆಗೆದು, ಪ್ರತಿ ಸಾಕೆಟ್ಟಿನ 5ನೇ ಪಿನ್ನಿನಲ್ಲಿ, ಅಂದರೆ ಗ್ರಿಡ್‌ನಲ್ಲಿ, ವೋಲ್ಟೇಜ್ ಅಳೆದೆ. ಮೂರರಲ್ಲಿ ಮೈನಸ್ 36ರ ಆಸುಪಾಸು, ಒಂದರಲ್ಲಿ ಮೈನಸ್ 19. ಹಿಂದಿನ ಹಂತದಿಂದ ಹಾಡಿನ ಸಿಗ್ನಲ್ ಮಾತ್ರ ಬಿಟ್ಟು ಡಿಸಿ ತಡೆಯಬೇಕಾದ ಹಳೆಯ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿತ್ತು. ಹಿಂದಿನ ಹಂತದ ಪ್ಲಸ್ ವೋಲ್ಟೇಜ್ ಅದರ ಮೂಲಕ ಗ್ರಿಡ್‌ಗೆ ಬಂದು ಬಯಾಸನ್ನು ತಿಂದುಹಾಕುತ್ತಿತ್ತು. ಗ್ರಿಡ್ ಮೈನಸ್ ಕಡಿಮೆಯಾದಷ್ಟೂ ಟ್ಯೂಬ್ ಜಾಸ್ತಿ ಕರೆಂಟ್ ಎಳೆಯುತ್ತದೆ.

ಒಂದು ಎಚ್ಚರಿಕೆ: ಔಟ್‌ಪುಟ್ ಟ್ಯೂಬ್ ಇಲ್ಲದಾಗ ಹೈ ವೋಲ್ಟೇಜ್ ಮಾಮೂಲಿಗಿಂತ ಏರುತ್ತದೆ. ಅಳೆದ ಕೂಡಲೇ ಆಫ್ ಮಾಡಿ.

ಉತ್ತರ 2

ಆಫ್ ಮಾಡಿದರೂ ಫಿಲ್ಟರ್ ಕೆಪಾಸಿಟರ್‌ನಲ್ಲಿ 400 ವೋಲ್ಟ್ ಕೂತಿರಬಹುದು. ರೆಸಿಸ್ಟರ್ ಹಿಡಿಸಿ ಖಾಲಿ ಮಾಡಿ, ಮೀಟರ್‌ನಲ್ಲಿ ನೋಡಿ, ಆಮೇಲೆ ಕೈ ಹಾಕಿ. ಮೀಟರ್ ಕ್ಲಿಪ್ ಸಿಕ್ಕಿಸಿದ ಮೇಲೇ ಆನ್ ಮಾಡಿ. ಒಂದು ಕೈ ಜೇಬಿನಲ್ಲಿರಲಿ. ಸ್ಪೀಕರ್ ಕಳಚಿ ಮಾತ್ರ ಓಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋದರೆ ಅಂಥದ್ದು ಮತ್ತೆ ಸಿಗುವುದು ಕಷ್ಟ.

ಉತ್ತರ 3

ಲೆಕ್ಕ ನಾನು ಹೇಳುತ್ತೇನೆ. ಇಎಲ್34 ಪ್ಲೇಟ್ ತಾಳುವುದು 25 ವ್ಯಾಟ್. ಸುಮ್ಮನಿರುವಾಗ ಅದರ ಶೇ. 70 ದಾಟಬಾರದು, ಅಂದರೆ 17.5 ವ್ಯಾಟ್. ಪ್ಲೇಟ್‌ನಲ್ಲಿ 430 ವೋಲ್ಟ್ ಇದ್ದರೆ ಸುಮಾರು 40 ಮಿಲಿಆಂಪ್. ಇದು ಮೇಲಿನ ಮಿತಿ, ಗುರಿ ಅಲ್ಲ. ನಾನು 35ಕ್ಕೆ ಇಡುತ್ತೇನೆ. ಕೇಳುವಾಗ ವ್ಯತ್ಯಾಸ ಗೊತ್ತಾಗಿಲ್ಲ, ಟ್ಯೂಬ್ ಮಾತ್ರ ತಣ್ಣಗಿರುತ್ತದೆ.

ಪ್ರತಿ ಟ್ಯೂಬಿನ ಕ್ಯಾಥೋಡಿಗೂ (ಟ್ಯೂಬಿನ ಪೂರ್ತಿ ಕರೆಂಟ್ ಹಾಯುವ ತುದಿ) ಬೇರೆಬೇರೆಯಾಗಿ 1 ಓಮ್ ರೆಸಿಸ್ಟರ್ ಹಾಕಿಸಿ. ಆಗ 1 ಮಿಲಿವೋಲ್ಟ್ ಅಂದರೆ 1 ಮಿಲಿಆಂಪ್. ಹಳೆಯ ವಿನ್ಯಾಸಗಳಲ್ಲಿ ಜೋಡಿಗೆ ಒಂದೇ ರೆಸಿಸ್ಟರ್ ಇರುತ್ತಿತ್ತು. ಡೈನಾಕೊ ಸ್ಟೀರಿಯೊ 70 ಎಂಬ ಹಳೆಯ ಆಂಪ್ಲಿಫೈಯರಿನಲ್ಲಿ 15.6 ಓಮ್ ಮೇಲೆ 1.56 ವೋಲ್ಟ್, ಅಂದರೆ ಎರಡಕ್ಕೂ ಸೇರಿ 100 ಮಿಲಿಆಂಪ್. ಒಂದು 65, ಇನ್ನೊಂದು 35 ಎಳೆದರೂ ಮೀಟರ್ ಅದೇ 1.56 ತೋರಿಸುತ್ತದೆ!

ಉತ್ತರ 4

ಬಯಾಸ್ ಸಪ್ಲೈನಲ್ಲಿ ಸೆಲೆನಿಯಂ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಹಳೆಯ ಕಾಲದ ಭಾಗ) ಇದೆಯಾ ನೋಡಿ. ನಾನು ಅದನ್ನೂ ಅಲ್ಲಿನ ಸಣ್ಣ ಎಲೆಕ್ಟ್ರೊಲಿಟಿಕ್ ಕೆಪಾಸಿಟರನ್ನೂ ತೆಗೆದು ಹೊಸದು ಹಾಕಿದೆ. ಸಿಲಿಕಾನ್ ಡಯೋಡ್ ಹಾಕಿದ ಮೇಲೆ ಮೈನಸ್ ವೋಲ್ಟೇಜ್ ಏರಿತು, ಎಲ್ಲ ಮತ್ತೆ ಹೊಂದಿಸಬೇಕಾಯಿತು. ಮೊದಲು ಪಾಟನ್ನು ಅತಿ ಹೆಚ್ಚು ಮೈನಸ್‌ಗೆ ಇಡಿ, ಅಲ್ಲಿಂದ ನಿಧಾನಕ್ಕೆ ಬನ್ನಿ. ಅರ್ಧ ಗಂಟೆ ಬಿಸಿಯಾದ ಮೇಲೆ ಇನ್ನೊಮ್ಮೆ ನೋಡಿ. ಒಂದು ಚಾನೆಲ್ ತಿರುಗಿಸಿದರೆ ಇನ್ನೊಂದೂ ಸ್ವಲ್ಪ ಅಲ್ಲಾಡುತ್ತದೆ.

ಪ್ರಶ್ನೆ ಕೇಳಿದವರು

ಅದಲುಬದಲು ಮಾಡಿದೆ. ಕೆಂಪು ಸಾಕೆಟ್ಟಿನಲ್ಲೇ ಉಳಿಯಿತು. ಕಪ್ಲಿಂಗ್ ಕೆಪಾಸಿಟರ್ ನಾಲ್ಕೂ ಬದಲಾಯಿಸಿ, ಕ್ಯಾಥೋಡ್ ರೆಸಿಸ್ಟರ್ ಹಾಕಿದೆ. ಈಗ ಬಲಕ್ಕೆ 36 ಮತ್ತು 34, ಎಡಕ್ಕೆ 37 ಮತ್ತು 33 ಮಿಲಿಆಂಪ್. ಒಂದು ಗಂಟೆ ಓಡಿಸಿದೆ, ದೀಪ ಆರಿಸಿಯೂ ನೋಡಿದೆ. ಪ್ಲೇಟ್ ಯಾವುದೂ ಕೆಂಪಗಾಗಿಲ್ಲ.